ಮಾದರಿ ರೈಲಿನ ಹಳಿಗೆ ಕಿಲುಬು

ಪ್ರಶ್ನೆ: ಮಗನಿಗಾಗಿ ತಂದ ಎಚ್‌ಒ ಅಳತೆಯ (ನಿಜವಾದ ರೈಲಿನ ಸುಮಾರು 87ನೇ ಒಂದು ಪಾಲಿನಷ್ಟು ಗಾತ್ರದ) ಮಾದರಿ ರೈಲು ಈ ಮಳೆಗಾಲದ ನಂತರ ನಿಂತು ನಿಂತು ಓಡುತ್ತಿದೆ. ಎಂಜಿನ್ ಕೆಟ್ಟಿದೆಯೇ? ಹಳಿಯನ್ನು ಮರಳು ಕಾಗದದಿಂದ ಉಜ್ಜಬಹುದೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಎಂಜಿನ್ ಕೆಟ್ಟಿರುವ ಸಂಭವ ಕಡಿಮೆ. ಇಂತಹ ರೈಲಿನ ಮೋಟಾರಿಗೆ ವಿದ್ಯುತ್ತು ಹಳಿಯಿಂದ ಚಕ್ರದ ಮೂಲಕವೇ ತಲುಪಬೇಕಾಗಿರುವುದರಿಂದ, ನಮ್ಮ ಕಡಲ ಬದಿಯ ಉಪ್ಪು ಮತ್ತು ತೇವ ತುಂಬಿದ ಗಾಳಿಯಲ್ಲಿ 16.5 ಮಿ.ಮೀ. ಅಂತರದ ಆ ಎರಡು ಹಳಿಗಳ ಮೇಲೆ ಕೂರುವ ಕಿಲುಬು ಹಾಗೂ ಧೂಳಿನ ತೆಳುಪದರವೊಂದೇ ಅದನ್ನು ತಡೆಯಲು ಸಾಕು. ಹಿತ್ತಾಳೆಯ ಹಳಿಗಳಲ್ಲಿ ಈ ತೊಂದರೆ ನಿಕಲ್ ಸಿಲ್ವರ್ (ತಾಮ್ರ, ನಿಕಲ್, ಸತುವಿನ ಮಿಶ್ರಲೋಹ) ಹಳಿಗಳಿಗಿಂತ ಹೆಚ್ಚು. ಮರಳು ಕಾಗದವನ್ನು ದಯವಿಟ್ಟು ಬಳಸಬೇಡಿ, ಏಕೆಂದರೆ ಅದು ಉಂಟುಮಾಡುವ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಸೇರಿಕೊಳ್ಳುತ್ತದೆ. ವಿದ್ಯುತ್ ಸಂಪರ್ಕ ತಪ್ಪಿಸಿ, ಕಿಟಕಿ ತೆರೆದಿಟ್ಟು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತುಸುವೇ ಅದ್ದಿದ ಹತ್ತಿಬಟ್ಟೆಯಿಂದ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಹಳಿಯ ಮೇಲ್ಭಾಗವನ್ನು ಒರೆಸಿರಿ. ಚಕ್ರಗಳನ್ನೂ ಹೀಗೆಯೇ ಒರೆಸದಿದ್ದರೆ ಅವು ಅದೇ ಕೊಳೆಯನ್ನು ಮತ್ತೆ ಹಳಿಗೆ ಹರಡುತ್ತವೆ.

ಎಂಜಿನ್ನಿನ ಗೇರುಗಳಿಗೆ (ಹಲ್ಲುಚಕ್ರಗಳಿಗೆ) ತೆಂಗಿನೆಣ್ಣೆ ಬೇಡ. ಅದು ಕ್ರಮೇಣ ಅಂಟಾಗುತ್ತದೆ. ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ತೆಳು ಎಣ್ಣೆಯನ್ನು ಸೂಜಿಯ ಮೊನೆಯಿಂದ ಒಂದೇ ಹನಿ ಬಿಡಿರಿ. ಮುಂದಿನ ಆಟಿಯ ಮಳೆಗೆ ಮೊದಲು ಇಡೀ ಸೆಟ್ಟನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟುಬಿಡಿ.