‘ಅಜ್ಜಿಯ ಕೊರಳು’ ಲೇಖನದ ಬಗ್ಗೆ

ಮಾನ್ಯರೆ,

ಶಿರಸಿಯಿಂದ ನೀವು ಕಳಿಸಿದ ‘ಅಜ್ಜಿಯ ಕೊರಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ, ತಿದ್ದಿ ಕಳಿಸಿದರೆ ಪ್ರಕಟಿಸಬೇಕೆಂಬ ಆಸೆ ಮಾತ್ರ ಬಲವಾಗಿದೆ. ಗಳಗಂಡ, ಅಂದರೆ ಕೊರಳಿನ ಥೈರಾಯ್ಡ್ ಗ್ರಂಥಿಯ ಊತ, ದಪ್ಪವಾದಂತೆಲ್ಲ ಅಜ್ಜಿ ತಮ್ಮ ಕರಿಮಣಿ ಸರವನ್ನು ಬಿಚ್ಚಿ ಉದ್ದವಾಗಿ ಪೋಣಿಸಿಕೊಳ್ಳುತ್ತಿದ್ದರೆಂಬ ಭಾಗವನ್ನು ದಯವಿಟ್ಟು ಮುಟ್ಟಬೇಡಿ.

ತೊಡಕಿರುವುದು ಅದರ ಮುಂದೆ. ಅಯೋಡಿನ್ ಕೊರತೆಯೊಂದೇ ಗಳಗಂಡಕ್ಕೆ ಕಾರಣವೆಂದು ನೀವು ತೀರ್ಪು ಕೊಟ್ಟಿದ್ದೀರಿ. ಅಯೋಡಿನ್ ಸಾಲದಾದಾಗ ಥೈರಾಯ್ಡ್ ಹಾರ್ಮೋನು ಕಡಿಮೆಯಾಗಿ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಎಂಬ ತನ್ನ ಹಾರ್ಮೋನನ್ನು ಹೆಚ್ಚಿಸಿ ಥೈರಾಯ್ಡನ್ನು ದುಡಿಸುತ್ತದೆ, ಹಾಗೆ ದುಡಿದು ಅದು ಹಿಗ್ಗುತ್ತದೆ ಎಂಬುದು ನಿಜ. ಆದರೆ ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬೀಳುವ ಹಾಶಿಮೊಟೊ ಕಾಯಿಲೆ, ಗ್ರಂಥಿಯನ್ನು ಅತಿಯಾಗಿ ಕೆರಳಿಸುವ ಗ್ರೇವ್ಸ್ ಕಾಯಿಲೆ, ಒಳಗೆ ಬೆಳೆಯುವ ಗಂಟುಗಳು, ಉರಿಯೂತ, ಗರ್ಭಧಾರಣೆ, ಲಿಥಿಯಂನಂಥ ಔಷಧಿ, ಅಪರೂಪಕ್ಕೆ ಕ್ಯಾನ್ಸರ್ ಕೂಡ ಕೊರಳನ್ನು ಊದಿಸಬಲ್ಲವು.

ನಿಮ್ಮ ಅಜ್ಜಿಯ ವಿಷಯದಲ್ಲಿ ನೀವೇ ಬರೆದ ವಿವರಗಳು ನಿಮ್ಮ ತೀರ್ಪಿಗೆ ಹೊಂದುವುದಿಲ್ಲ. ಚಹಾದ ಲೋಟ ಹಿಡಿದ ಕೈ ನಡುಗುತ್ತಿತ್ತು, ಚೆನ್ನಾಗಿ ಉಂಡರೂ ಸೊರಗಿದರು, ರಾತ್ರಿ ಎದೆ ಬಡಿದುಕೊಳ್ಳುತ್ತಿತ್ತು ಎಂದಿದ್ದೀರಿ. ಇವು ಸಾಮಾನ್ಯವಾಗಿ ಹಾರ್ಮೋನು ಅತಿಯಾದಾಗಿನ ಲಕ್ಷಣಗಳು. ದೂರದಲ್ಲಿ ಕುಳಿತು ನಾನು ರೋಗನಿರ್ಣಯ ಮಾಡಲಾಗದು, ನೀವೂ ಮಾಡಬಾರದು. ಹಲವು ವರ್ಷಗಳ ಗಂಟುಗಳಿರುವ ಗಳಗಂಡಕ್ಕೆ ಏಕಾಏಕಿ ಹೆಚ್ಚು ಅಯೋಡಿನ್ ಸಿಕ್ಕರೆ ಹಾರ್ಮೋನು ಮಿತಿಮೀರುವ ಅಪಾಯವಿದೆ. ಆದ್ದರಿಂದ ಗಳಗಂಡವಿದ್ದವರೆಲ್ಲ ಅಯೋಡಿನ್ ಹನಿಗಳನ್ನು ಕುಡಿಯಬೇಕೆಂಬ ನಿಮ್ಮ ಕೊನೆಯ ಪರಿಚ್ಛೇದವನ್ನು ಪೂರ್ತಿ ತೆಗೆದುಹಾಕಿ. ಓದುಗರೊಬ್ಬರು ಅದನ್ನು ನಂಬಿ ಕುಡಿದರೆ ಹೊಣೆ ನಮ್ಮಿಬ್ಬರದೂ ಆಗುತ್ತದೆ.

ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರದ ಉಪ್ಪು ಕಡಲಿನದಾದ್ದರಿಂದ ಅದರಲ್ಲಿ ಅಯೋಡಿನ್ ತಾನಾಗಿಯೇ ಇದೆಯೆಂಬ ಮಾತೂ ತಪ್ಪು. ಕಡಲಿನ ಅಯೋಡಿನ್ ಮೀನಿನಲ್ಲಿ, ಪಾಚಿಯಲ್ಲಿ ಸೇರಿಕೊಳ್ಳುತ್ತದೆ. ಬಿಸಿಲಿಗೆ ನೀರಾರಿಸಿ ತೆಗೆದ ಹರಳುಪ್ಪಿನಲ್ಲಿ ಉಳಿಯುವುದು ಅತ್ಯಲ್ಪ. ಮೀನು ತಿನ್ನದ ಮನೆಗಳಿಗೆ ಈ ಮಾತು ಇನ್ನೂ ಮುಖ್ಯ. 1962ರಲ್ಲಿ ನಮ್ಮ ದೇಶ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿ ಉಪ್ಪಿಗೆ ಅಯೋಡಿನ್ ಬೆರೆಸುವ ದಾರಿ ಹಿಡಿದದ್ದನ್ನು ಇಲ್ಲಿಯೇ ಸೇರಿಸಬಹುದು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 150 ಮೈಕ್ರೊಗ್ರಾಂ ಮಾತ್ರ.

ಅಜ್ಜಿಯ ಹಳೆಯ ಚೀಟಿಗಳಲ್ಲಿ ಟಿಎಸ್‌ಎಚ್ ಪರೀಕ್ಷೆಯ ಅಥವಾ ಸ್ಕ್ಯಾನಿಂಗಿನ ವರದಿ ಇದೆಯೇ ಎಂದು ಹುಡುಕಿ, ಸಿಕ್ಕರೆ ವೈದ್ಯರೊಬ್ಬರಿಗೆ ತೋರಿಸಿ ಬರೆಯಿರಿ. ಸಿಗದಿದ್ದರೆ, ಕಾರಣ ನಮಗೆ ತಿಳಿಯಲೇ ಇಲ್ಲ ಎಂದು ಬರೆದು ಕಳಿಸಿ.

ಸಂಪಾದಕ