ವೈರಲ್ ಲೋಡ್ ನೂರರ ಆಸುಪಾಸಲ್ಲೇ ನಿಂತಿದೆ, ಮಾತ್ರೆ ಬದಲಿಸಬೇಕೇ?

ಪ್ರಶ್ನೆ: ನನಗೆ ಎಚ್‌ಐವಿ ಇದೆ. ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ಕೊಡುವ ಟಿಎಲ್‌ಡಿ (ಮೂರು ಮದ್ದು ಸೇರಿದ) ಮಾತ್ರೆಯನ್ನು ರಾತ್ರಿ ಊಟವಾದ ಮೇಲೆ ತಪ್ಪದೆ ನುಂಗುತ್ತೇನೆ. ಮೊದಲೆಲ್ಲ ವೈರಸ್ ‘ಪತ್ತೆಯಾಗಿಲ್ಲ’ ಎಂದು ಬರುತ್ತಿತ್ತು. ಈಚಿನ ಮೂರು ವರದಿಗಳಲ್ಲಿ ವೈರಲ್ ಲೋಡ್ (ಒಂದು ಮಿ.ಲೀ. ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಇರುವ ವೈರಸ್ ಕಾಪಿಗಳ ಸಂಖ್ಯೆ) 90, 140, 120 ಎಂದಿದೆ. ಮದ್ದು ಸೋಲುತ್ತಿದೆಯೇ? ಎದೆಯುರಿಗೆ ಮಲಗುವಾಗ ಆಂಟಾಸಿಡ್ ಕುಡಿಯುವ ಅಭ್ಯಾಸವಿದೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಕೊನೆಯ ಸಾಲನ್ನು ನೀವು ಮೊದಲೇ ಬರೆಯಬೇಕಿತ್ತು! ಆಂಟಾಸಿಡ್‌ನ ಅಲ್ಯೂಮಿನಿಯಂ, ಮೆಗ್ನೀಸಿಯಂ ನಿಮ್ಮ ಮಾತ್ರೆಯಲ್ಲಿರುವ 50 ಮಿ.ಗ್ರಾಂ. ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಮದ್ದಿಗೆ ಕರುಳಿನಲ್ಲೇ ಅಂಟಿಕೊಂಡು, ಅದು ರಕ್ತ ಸೇರದಂತೆ ತಡೆಯುತ್ತವೆ. ಆಂಟಾಸಿಡ್‌ಗೆ 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ಮಾತ್ರೆ ನುಂಗಬೇಕು. ಕೇಂದ್ರದಲ್ಲಿ ಕೇಳಿ ಮಾತ್ರೆಯನ್ನು ಬೆಳಗಿನ ತಿಂಡಿಯ ಹೊತ್ತಿಗೆ ಬದಲಿಸಿಕೊಳ್ಳುವುದು ಸುಲಭ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಊಟದ ಜೊತೆಗಾದರೆ ಒಟ್ಟಿಗೇ ತೆಗೆದುಕೊಳ್ಳಬಹುದು, ಖಾಲಿ ಹೊಟ್ಟೆಯಲ್ಲಿ ಬೇಡ. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆಯಿಂದ ಈ ತೊಂದರೆಯಿಲ್ಲ.

90 ಇದ್ದದ್ದು 140 ಆಯಿತೆಂದು ನಿದ್ದೆಗೆಡಬೇಡಿ. ಮೂರು ಪಟ್ಟಿಗಿಂತ ಕಡಿಮೆ ಏರಿಳಿತ ಪರೀಕ್ಷೆಯದೇ ಇರಬಹುದು. ಜೆಲ್ ಇರುವ ಟ್ಯೂಬಿನಲ್ಲಿ ತೆಗೆದ ರಕ್ತದ ಪ್ಲಾಸ್ಮಾವನ್ನು ಬೇರೆ ಟ್ಯೂಬಿಗೆ ಹಾಕದೆ ಹಾಗೇ ಶೈತ್ಯೀಕರಿಸಿದರೂ ಇಲ್ಲದ ನೂರಿನ್ನೂರು ಕಾಪಿ ಕಾಣಿಸುವುದುಂಟು. ಪ್ರತಿ ಸಲ ಒಂದೇ ಲ್ಯಾಬ್ ಆದರೆ ಹೋಲಿಕೆಗೆ ಅರ್ಥವಿರುತ್ತದೆ.

ಇದೆಲ್ಲ ಸರಿಯಿದ್ದೂ ಅಂಕಿ ಇಳಿಯದಿದ್ದರೆ? ಚಿಕಿತ್ಸೆಗೆ ಮುಂಚೆಯೇ ಸೋಂಕು ತಗುಲಿದ ಕೆಲವು ಸಿಡಿ4 ಕೋಶಗಳು (ಎಚ್‌ಐವಿ ದಾಳಿ ಮಾಡುವ ರೋಗನಿರೋಧಕ ಕೋಶಗಳು) ವರ್ಷಗಟ್ಟಲೆ ಬದುಕಿ, ತಮ್ಮಂಥವನ್ನೇ ಹುಟ್ಟಿಸುತ್ತ, ಒಳಗಿನ ಹಳೆಯ ವೈರಸ್ಸನ್ನು ಸ್ವಲ್ಪ ಸ್ವಲ್ಪ ಹೊರಹಾಕುತ್ತವೆ. ಮಾತ್ರೆ ಹೊಸ ಕೋಶಗಳಿಗೆ ಸೋಂಕು ಹರಡದಂತೆ ತಡೆಯುತ್ತದೆಯೇ ಹೊರತು ಹಳೆಯ ಕೋಶಗಳ ಬಾಯಿ ಕಟ್ಟಲಾರದು. ಹಾಗಾಗಿ ಇನ್ನೊಂದು ಮದ್ದು ಸೇರಿಸಿದರೂ ಪ್ರಯೋಜನವಿಲ್ಲ. ಖಾಸಗಿಯಾಗಿ ಸಾವಿರಾರು ರೂಪಾಯಿ ಸುರಿದು ನಿರೋಧಕತೆ ಪರೀಕ್ಷೆ (ವೈರಸ್ ಮದ್ದಿಗೆ ಬಗ್ಗದಂತಾಗಿದೆಯೇ ಎಂದು ನೋಡುವುದು) ಮಾಡಿಸಲೂ ಹೋಗಬೇಡಿ. ಇಷ್ಟು ಕಡಿಮೆ ವೈರಸ್ಸಿನಲ್ಲಿ ಅದು ಬಹುಪಾಲು ಫಲಿತಾಂಶವನ್ನೇ ಕೊಡುವುದಿಲ್ಲ. ಅಂಕಿ 200 ದಾಟಿ ಅಲ್ಲೇ ನಿಂತರೆ ವೈದ್ಯರಿಗೆ ತೋರಿಸಿ. 1000 ಮುಟ್ಟಿದರೆ ಆಪ್ತಸಮಾಲೋಚನೆ, ತಪ್ಪದೆ ಮಾತ್ರೆ, ಮೂರು ತಿಂಗಳ ಬಳಿಕ ಮರುಪರೀಕ್ಷೆ. ಮಾತ್ರೆ ಮಾತ್ರ ನಿಲ್ಲಿಸಬೇಡಿ, ಕೆಲವೇ ವಾರಗಳಲ್ಲಿ ನೂರಿದ್ದದ್ದು ಸಾವಿರಗಟ್ಟಲೆಯಾಗುತ್ತದೆ.

ಪ್ರಶ್ನೆ: ಗಂಡನಿಗೆ ಎಚ್‌ಐವಿ ಇದೆ, ವೈರಲ್ ಲೋಡ್ ವರದಿ 180. ನನಗೆ ಸೋಂಕಿಲ್ಲ. ನನಗೆ ಹರಡೀತೇ?
– ಓದುಗಿ, ಹಾಸನ

ಉತ್ತರ: ಮಾತ್ರೆ ತಪ್ಪದಿದ್ದರೆ ಭಯ ಬೇಡ. 1000 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಲೈಂಗಿಕ ಸಂಪರ್ಕದಿಂದ ಹರಡುವ ಸಾಧ್ಯತೆ ಬಹುತೇಕ ಸೊನ್ನೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ರಕ್ತದಾನಕ್ಕೂ ಎದೆಹಾಲಿಗೂ ಈ ಮಾತು ಅನ್ವಯಿಸದು.