ಸಂಪಾದಕರ ಉತ್ತರ: ‘ನನ್ನ ವಯಸ್ಸಿನವರು ಯಾರೂ ಇಲ್ವಾ?’

(ಹಾವೇರಿ ಜಿಲ್ಲೆಯ 24 ವರ್ಷದ ಓದುಗರೊಬ್ಬರ ಪತ್ರದ ಸಾರ ಇದು. ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡು, ಬಯಾಪ್ಸಿ ಮಾಡಿಸಿದಾಗ ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧರಸ ಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಕೀಮೋ ತಗೊಳ್ಳುತ್ತಿದ್ದೇನೆ. ಊರಲ್ಲಿ ‘ಜಾಂಡೀಸ್ ಆಗಿದೆ’ ಎಂದು ಅಮ್ಮ ಹೇಳಿದ್ದಾರೆ. ಗೆಳತಿಯರಿಗೂ ನಿಜ ಹೇಳಿಲ್ಲ. ಅವರ ಮೆಸೇಜುಗಳು ಕಡಿಮೆಯಾಗುತ್ತಾ ಬಂದು ಈಗ ನಿಂತೇಹೋಗಿವೆ. ಆಸ್ಪತ್ರೆಯಲ್ಲಿ ಅಕ್ಕಪಕ್ಕ ಕೂರುವವರೆಲ್ಲ ಅಜ್ಜ ಅಜ್ಜಿಯರೇ. ‘ಧೈರ್ಯವಾಗಿರು’ ಅನ್ನುವವರನ್ನು ಕಂಡರೆ ಸಿಟ್ಟು ಬರುತ್ತೆ, ಇದು ತಪ್ಪಾ? ನನ್ನ ವಯಸ್ಸಿನವರು ಯಾರೂ ಇಲ್ವಾ? ರೋಗಿಗಳ ಗುಂಪು ಸೇರಿದರೆ ಏನಾದರೂ ಉಪಯೋಗ ಇದೆಯಾ?)

ಪ್ರೀತಿಯ ತಂಗಿಗೆ,

ಹೆಸರು, ಊರು ಹಾಕಬೇಡಿ ಎಂದಿದ್ದೀರಿ. ಹಾಕಿಲ್ಲ.

ಮೊದಲು ಸಿಟ್ಟಿನ ವಿಷಯ. ಅದು ಖಂಡಿತ ತಪ್ಪಲ್ಲ. ‘ಧೈರ್ಯವಾಗಿರು’ ಎನ್ನುವವರು ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಆ ಮಾತು ಬಿದ್ದ ಕೂಡಲೇ ನಿಮ್ಮ ಬಾಯಿ ಕಟ್ಟಿಹೋಗುತ್ತದೆ. ‘ರಾತ್ರಿ ಮೂರು ಗಂಟೆಗೆ ಎಚ್ಚರ ಆಯ್ತು, ಸತ್ತುಹೋದರೆ ಏನು ಗತಿ ಅಂತ ಭಯ ಆಯ್ತು’ ಎಂದು ಆಮೇಲೆ ಹೇಗೆ ಹೇಳ್ತೀರಿ? ಸುಮ್ನೆ ತಲೆ ಆಡಿಸಿ ನಗಬೇಕಾಗುತ್ತದೆ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 1977ರಿಂದ ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಗೆಂದೇ ಒಂದು ವಿಭಾಗ ಕಟ್ಟಿದವರು ಜಿಮ್ಮಿ ಹಾಲೆಂಡ್ ಎಂಬ ಮನೋವೈದ್ಯೆ. ರೋಗಿ ಸದಾ ನಗುನಗುತ್ತಾ ಇರಬೇಕು ಎಂಬ ಒತ್ತಾಯವನ್ನು ಅವರು ‘ಪಾಸಿಟಿವ್ ಥಿಂಕಿಂಗ್‌ನ ದಬ್ಬಾಳಿಕೆ’ ಎಂದೇ ಕರೆದರು. ಅತ್ತರೆ ಗಡ್ಡೆ ದೊಡ್ಡದಾಗುವುದಿಲ್ಲ. ಅಳು ಬಂದ ದಿನ ಅತ್ತುಬಿಡಿ.

ಎಲ್ಲರೂ ನಿಮಗೆ ಯುವರಾಜ್ ಸಿಂಗ್ ಉದಾಹರಣೆ ಕೊಡುತ್ತಾರೆ ಎಂದೂ ಬರೆದಿದ್ದೀರಿ. 2011ರ ವಿಶ್ವಕಪ್‌ನಲ್ಲಿ ಸರಣಿ ಶ್ರೇಷ್ಠರಾದ ಅವರಿಗೆ ಎರಡು ಶ್ವಾಸಕೋಶಗಳ ನಡುವೆ ಗಡ್ಡೆ ಇತ್ತು. 2012ರಲ್ಲಿ ಅಮೆರಿಕದ ಇಂಡಿಯಾನಪೊಲಿಸ್‌ನಲ್ಲಿ ಕೀಮೋ ಪಡೆದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಚೆನ್ನೈನಲ್ಲಿ ಮತ್ತೆ ಭಾರತದ ಪರ ಆಡಿದರು. ನಿಜಕ್ಕೂ ದೊಡ್ಡ ಮಾತು. ಆದರೆ ನನಗೆ ಅವರ ಬ್ಯಾಟಿಗಿಂತ ಹೆಚ್ಚು ಮುಖ್ಯ ಅನ್ನಿಸುವುದು ಚಿಕಿತ್ಸೆಯ ನಡುವೆಯೇ ತಮ್ಮ ಬೋಳು ತಲೆಯ ಫೋಟೊವನ್ನು ತಾವೇ ಟ್ವಿಟ್ಟರ್‌ನಲ್ಲಿ ಹಾಕಿದ್ದು. ಆಗ ಅವರಿಗೆ 30 ವರ್ಷ. ಮೈದಾನಕ್ಕೆ ವಾಪಸ್ ಹೋಗುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ, ಆಗಬೇಕಾಗಿಯೂ ಇಲ್ಲ. ‘ನನಗೆ ಹೀಗಾಗಿದೆ’ ಎಂದು ಹೇಳಿಕೊಳ್ಳುವುದು ನಮ್ಮ ನಿಮ್ಮಂಥವರಿಗೂ ಆಗುವ ಕೆಲಸ.

ನಿಮ್ಮ ವಯಸ್ಸಿನವರು ಇದ್ದಾರೆ. ಬೇಕಾದಷ್ಟು ಜನ ಇದ್ದಾರೆ. ಹಾಡ್ಜ್‌ಕಿನ್ ಲಿಂಫೋಮಾ ಜಾಸ್ತಿ ಕಾಣಿಸಿಕೊಳ್ಳುವುದೇ ಇಪ್ಪತ್ತು ಮೂವತ್ತರ ಆಸುಪಾಸಿನಲ್ಲಿ, ಆಮೇಲೆ ಇನ್ನೊಮ್ಮೆ ಐವತ್ತೈದು ದಾಟಿದವರಲ್ಲಿ. ವೃಷಣದ ಕ್ಯಾನ್ಸರ್, ಕೆಲವು ಮೂಳೆ ಕ್ಯಾನ್ಸರ್, ಥೈರಾಯ್ಡ್, ರಕ್ತದ ಕ್ಯಾನ್ಸರ್ ಎಲ್ಲವೂ ಈ ವಯಸ್ಸಿನವರಿಗೆ ಬರುತ್ತವೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 15ರಿಂದ 39 ವರ್ಷದವರನ್ನು ಬೇರೆಯೇ ಗುಂಪಾಗಿ ನೋಡುತ್ತದೆ. ಓದು, ಮೊದಲ ಕೆಲಸ, ಪ್ರೀತಿ, ಮದುವೆ, ಮಕ್ಕಳು ಎಲ್ಲಾ ಈ ವರ್ಷಗಳಲ್ಲೇ ಇರುವುದರಿಂದ ಇವರ ತೊಂದರೆಗಳೇ ಬೇರೆ.

ಹಾಗಾದರೆ ಅವರೆಲ್ಲ ಎಲ್ಲಿ? ಅವರಲ್ಲಿ ಎಷ್ಟೋ ಜನರ ಮನೆಯಲ್ಲೂ ನಿಮ್ಮ ಅಮ್ಮನ ಹಾಗೆ ಬೇರೊಂದು ಕಾಯಿಲೆಯ ಹೆಸರು ಹೇಳಿರುತ್ತಾರೆ. ಅವರೂ ಮಾಸ್ಕ್ ಹಾಕಿಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಫೈಲನ್ನು ಹೆಸರು ಕಾಣದ ಹಾಗೆ ತಿರುಗಿಸಿ ಹಿಡಿದುಕೊಂಡು ಅದೇ ಕಾರಿಡಾರಿನಲ್ಲಿ ಕೂತಿರುತ್ತಾರೆ. ಒಬ್ಬರ ಕಣ್ಣಿಗೆ ಒಬ್ಬರು ಬೀಳುವುದೇ ಇಲ್ಲ. ನಿಮ್ಮ ಪತ್ರದ ಎರಡು ಸಂಕಟಗಳು, ಅಂದರೆ ಗುಟ್ಟು ಮತ್ತು ಒಂಟಿತನ, ಬೇರೆ ಬೇರೆ ಅಲ್ಲವೇ ಅಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನನ್ನ ಅಕ್ಕನ ಮಗನಿಗೆ 22ನೇ ವಯಸ್ಸಿನಲ್ಲಿ ತೊಡೆಯ ಮೂಳೆಯಲ್ಲಿ ಕ್ಯಾನ್ಸರ್ ಆಗಿತ್ತು. ಕೀಮೋ ವಾರ್ಡಿನಲ್ಲಿ ಅವನ ಜೊತೆ ನಾನು ಕೂತಿದ್ದೇನೆ. ಸಿಸ್ಟರ್ ಕೆಂಪು ಬಣ್ಣದ ಔಷಧಿಯ ಸಿರಿಂಜ್ ಹಿಡಿದು ನಿಧಾನವಾಗಿ ಸೇರಿಸುವಾಗ ಅವನು ಕಣ್ಣು ಮುಚ್ಚಿ ಆ ಕಡೆ ತಿರುಗಿಕೊಳ್ಳುತ್ತಿದ್ದ. ನಿಮಗೂ ಆ ಔಷಧಿ ಗೊತ್ತಿರುತ್ತದೆ. ಮೊದಲ ಸಲ ಮೂತ್ರ ಕೆಂಪಾದಾಗ ಹೆದರಿಹೋಗಿದ್ದ. ನಾವೆಲ್ಲ ‘ಏನೂ ಆಗಲ್ಲ ಬಿಡೋ’ ಅಂದೆವು. ಅವನು ನಂಬಲಿಲ್ಲ. ಎದುರು ಮಂಚದಲ್ಲಿ ರಾಯಚೂರು ಕಡೆಯ ಹುಡುಗನೊಬ್ಬ ಇದ್ದ. ‘ಏ, ನನಗೂ ಕೆಂಪು ಬಂದಿತ್ತು, ನಾಳೆ ಸರಿಹೋಗ್ತದ, ನೀರು ಕುಡಿ’ ಅಂದ. ಅಷ್ಟಕ್ಕೇ ಇವನ ಮುಖ ಸಡಿಲವಾಯಿತು. ಆಮೇಲೆ ಇಬ್ಬರೂ ಪ್ರತಿ ಸಲ ರಕ್ತಪರೀಕ್ಷೆಯ ರಿಪೋರ್ಟ್ ಬಂದಾಗ ‘ನಿನ್ನ ಕೌಂಟ್ ಎಷ್ಟು, ನಂದು ಇಷ್ಟು’ ಎಂದು ಪರೀಕ್ಷೆಯ ಮಾರ್ಕ್ಸ್ ಹೋಲಿಸಿದ ಹಾಗೆ ಹೋಲಿಸುತ್ತಿದ್ದರು. ಬಾಯಿಹುಣ್ಣಿಗೆ ಯಾವುದು ತಡೆಯುತ್ತದೆ, ಯಾವ ಸಿಸ್ಟರ್ ನೋವಾಗದ ಹಾಗೆ ಸೂಜಿ ಹಾಕುತ್ತಾರೆ, ವಾಂತಿ ಬರುವ ಮುಂಚೆ ಯಾವ ವಾಸನೆ ತಡೆಯಲಾಗುವುದಿಲ್ಲ, ಎಲ್ಲ ಮಾತು. ನಡುವೆ ಕ್ರಿಕೆಟ್, ಮೊಬೈಲ್ ಗೇಮು, ಒಂದು ಹುಡುಗಿಯ ವಿಷಯ. ನಾವು ಹತ್ತಿರ ಹೋದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಅಕ್ಕನಿಗೆ ಮೊದಮೊದಲು ಬೇಜಾರಾಗಿತ್ತು. ಮಗ ಅಷ್ಟು ನಕ್ಕಿದ್ದನ್ನು ನೋಡಿದ ಮೇಲೆ ತಾನೇ ಕುರ್ಚಿ ಎತ್ತಿಕೊಂಡು ಹೋಗಿ ಹೊರಗೆ ಕೂರಲು ಶುರುಮಾಡಿದಳು.

ನಿಮಗೆ ಬೇಕಿರುವುದು ಇಂಥ ಒಬ್ಬರು. ಡಾಕ್ಟರ್ ಕೊಡಲಾಗದ್ದು, ಅಮ್ಮ ಕೊಡಲಾಗದ್ದು ಅವರಲ್ಲಿ ಸಿಗುತ್ತದೆ.

ಈಗ ಅಮ್ಮನ ವಿಷಯ. ಅವರ ಮೇಲೆ ಸಿಟ್ಟಾಗಬೇಡಿ. ಅವರ ಲೆಕ್ಕದಲ್ಲಿ ನಿಮ್ಮ ಕಾಯಿಲೆ ವಾಸಿಯಾಗುತ್ತದೆ, ಊರಿನವರ ಬಾಯಿ ವಾಸಿಯಾಗುವುದಿಲ್ಲ. ‘ನಾಳೆ ಯಾರು ಮದುವೆ ಆಗ್ತಾರೆ’ ಎಂಬ ಒಂದೇ ಚಿಂತೆ ಆ ಜಾಂಡೀಸ್ ಹಿಂದೆ ಇದೆ, ಅಲ್ವಾ? ಊರಿಗೆಲ್ಲ ಹೇಳಿ ಎಂದು ನಾನು ಹೇಳುತ್ತಿಲ್ಲ. ಬೀದಿಯವರಿಗೆ, ದೂರದ ನೆಂಟರಿಗೆ ನೀವು ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ಯಾರಿಗೆ ಹೇಳಬೇಕು ಎಂದು ತೀರ್ಮಾನಿಸುವುದು ನಿಮ್ಮ ಕೈಯಲ್ಲಿರಬೇಕು. ಮೈ ನಿಮ್ಮದು, ಕಾಯಿಲೆ ನಿಮ್ಮದು.

ಒಬ್ಬ ಗೆಳತಿಯಿಂದ ಶುರುಮಾಡಿ. ಬಾಯಿಬಿಟ್ಟು ಹೇಳಲು ಆಗದಿದ್ದರೆ ಮೆಸೇಜ್ ಸಾಕು: ‘ನನಗೆ ಲಿಂಫೋಮಾ ಆಗಿದೆ, ಅದು ಒಂಥರಾ ಕ್ಯಾನ್ಸರ್. ಟ್ರೀಟ್‌ಮೆಂಟ್ ನಡೀತಿದೆ. ಧೈರ್ಯ ಹೇಳಬೇಡ. ಮೊದಲಿನ ಹಾಗೇ ರೀಲ್ಸ್ ಕಳಿಸು, ಕಾಲೇಜಿನ ಸುದ್ದಿ ಹೇಳು. ಬೇರೆಯವರಿಗೆ ನಾನೇ ಹೇಳ್ತೀನಿ.’ ಮೆಸೇಜ್ ನಿಲ್ಲಿಸಿದ ಗೆಳತಿಯರು ನಿಮ್ಮನ್ನು ಬಿಟ್ಟುಹೋದರು ಎಂದು ಈಗಲೇ ತೀರ್ಮಾನ ಮಾಡಬೇಡಿ. ಜಾಂಡೀಸ್ ಆದವಳು ತಿಂಗಳಾದರೂ ಉತ್ತರ ಕೊಡುತ್ತಿಲ್ಲ ಎಂದರೆ ಅವರಾದರೂ ಏನು ತಿಳಿಯಬೇಕು? ಹೇಳಿದ ಮೇಲೂ ಕೆಲವರು ದೂರ ಸರಿಯುತ್ತಾರೆ. ಅದು ನೋಯುತ್ತದೆ. ಉಳಿದವರಿಗೆ ಒಂದು ಕೆಲಸ ಕೊಡಿ. ‘ಏನಾದ್ರೂ ಬೇಕಾದ್ರೆ ಹೇಳು’ ಎನ್ನುವವರಿಗೆ ‘ಮುಂದಿನ ಕೀಮೋ ದಿನ ನನ್ನ ಜೊತೆ ಬಾ’ ಎಂದು ಹೇಳಿ. ನಡುವೆ ಊರಿಗೆ ಹೋಗಿದ್ದರೆ, ಹಾವೇರಿಯಿಂದ ಚಿಕಿತ್ಸೆಗೆ ರೈಲಿನಲ್ಲಿ ವಾಪಸ್ ಬರುವಾಗ ಆಸ್ಪತ್ರೆಯ ಸರ್ಟಿಫಿಕೇಟ್ ತೋರಿಸಿದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಬರುವವರಿಗೂ ಶೇ 75 ಇದೆ. ಒಂದು ಸಲ ಅಮ್ಮನ ಜಾಗದಲ್ಲಿ ಗೆಳತಿ ಬರಲಿ. ಅಮ್ಮನಿಗೂ ಒಂದು ದಿನ ವಿಶ್ರಾಂತಿ ಸಿಕ್ಕಂತಾಗುತ್ತದೆ.

ಮದುವೆಯ ಬಗ್ಗೆ ನೀವು ಕೇಳಿಲ್ಲ. ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ. ಮದುವೆಯಾಗುವ ಹುಡುಗನಿಗೆ ಮಾತ್ರ ನಿಶ್ಚಯಕ್ಕೆ ಮುಂಚೆಯೇ ಎಲ್ಲ ಹೇಳಬೇಕು. ವರ್ಷವಿಡೀ ಚೆಕಪ್‌ಗೆ ಹೋಗುವುದನ್ನು ಒಂದೇ ಮನೆಯಲ್ಲಿ ಬಚ್ಚಿಟ್ಟು ಬದುಕಲು ಆಗುವುದಿಲ್ಲ, ಆ ಭಾರ ನಿಮಗೆ ಬೇಡವೂ ಬೇಡ. ಇನ್ನು ಮುಂದೆ ಮಕ್ಕಳಾಗುತ್ತವಾ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಕೀಮೋ ಔಷಧಿಗಳಲ್ಲಿ ಕೆಲವು ಇದಕ್ಕೆ ಜಾಸ್ತಿ ತೊಂದರೆ ಮಾಡುತ್ತವೆ, ಕೆಲವು ಕಡಿಮೆ. ನಿಮ್ಮ ಡಾಕ್ಟರನ್ನೇ ಕೇಳಿ. ಅಪ್ಪ, ಮಾವ, ಅಕ್ಕ ಎಲ್ಲರೂ ಕೋಣೆಯಲ್ಲಿದ್ದರೆ ಈ ಪ್ರಶ್ನೆ ಬಾಯಿಗೆ ಬರುವುದಿಲ್ಲ. ‘ಡಾಕ್ಟ್ರೇ, ಐದು ನಿಮಿಷ ಒಬ್ಬಳೇ ಮಾತಾಡಬೇಕು’ ಎಂದು ಕೇಳಬಹುದು, ಅದಕ್ಕೆ ನಾಚಿಕೆ ಬೇಡ. ಇದನ್ನು ಓದುತ್ತಿರುವ ಹುಡುಗರಿಗೂ ಒಂದು ಮಾತು. ಕೀಮೋ ಶುರುವಾಗುವ ಮುಂಚೆಯೇ ವೀರ್ಯವನ್ನು ಬ್ಯಾಂಕಿನಲ್ಲಿ ಶೇಖರಿಸಿಡುವ ಅವಕಾಶ ಇದೆ. ಸಂಕೋಚದಿಂದ ಯಾರೂ ಕೇಳದೆ ಆ ಅವಕಾಶ ಕೈತಪ್ಪಿಹೋಗುತ್ತದೆ.

ಗುಂಪು ಸೇರಿದರೆ ಉಪಯೋಗ ಇದೆಯಾ ಎಂದಿರಿ. ಇದರ ಬಗ್ಗೆ ಅಧ್ಯಯನಗಳೇ ನಡೆದಿವೆ. 1989ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವೈದ್ಯ ಡೇವಿಡ್ ಸ್ಪೀಗಲ್, ಸ್ತನ ಕ್ಯಾನ್ಸರ್ ಹರಡಿದ್ದ 86 ಮಹಿಳೆಯರ ಅಧ್ಯಯನ ಪ್ರಕಟಿಸಿ, ವಾರಕ್ಕೊಮ್ಮೆ ಗುಂಪಿನಲ್ಲಿ ಕೂತು ಮಾತಾಡಿದವರು ಹೆಚ್ಚು ಕಾಲ ಬದುಕಿದರು ಎಂದರು. ದೊಡ್ಡ ಆಸೆ ಹುಟ್ಟಿತು. 2001ರಲ್ಲಿ ಕೆನಡಾದಲ್ಲಿ 235 ಮಹಿಳೆಯರ ಮೇಲೆ ಅದನ್ನೇ ಪರೀಕ್ಷಿಸಿದಾಗ ಆಯುಷ್ಯ ಹೆಚ್ಚಾಗಿದ್ದು ಕಾಣಲಿಲ್ಲ. ಸ್ಪೀಗಲ್ ಅವರೇ ಮತ್ತೆ ಮಾಡಿದಾಗಲೂ ಕಾಣಲಿಲ್ಲ. ಆದರೆ ಕೆನಡಾದ ಅಧ್ಯಯನದಲ್ಲಿ ಇನ್ನೊಂದು ಕಂಡಿತು: ತೀರಾ ಕುಗ್ಗಿಹೋಗಿದ್ದವರ ಮನಸ್ಸು ಹಗುರವಾಯಿತು, ನೋವು ಕಡಿಮೆ ಅನ್ನಿಸಿತು. ಆಯುಷ್ಯದ ಕೆಲಸ ನಿಮ್ಮ ಕೀಮೋ ಮಾಡಲಿ. ಗುಂಪಿನಿಂದ ನೋವು ಕಡಿಮೆ ಅನ್ನಿಸಿದರೆ ಅದೇನು ಸಣ್ಣ ಲಾಭವಾ?

ಎಲ್ಲಿ ಹುಡುಕುವುದು? ಮುಂದಿನ ಸಲ ಹೋದಾಗ ಆಸ್ಪತ್ರೆಯ ಮೆಡಿಕಲ್ ಸೋಶಿಯಲ್ ವರ್ಕರ್ ಅಥವಾ ಕೌನ್ಸೆಲರ್ ಹತ್ತಿರ ‘ನನ್ನ ವಯಸ್ಸಿನವರು ಯಾರಾದರೂ ಮಾತಾಡಲು ಸಿಗುತ್ತಾರಾ’ ಎಂದು ನೇರವಾಗಿ ಕೇಳಿ. ಕೀಮೋ ಕೊಡುವ ಡೇ ಕೇರ್ ವಾರ್ಡಿನ ಸಿಸ್ಟರ್‌ಗಳಿಗೆ ಎಲ್ಲರೂ ಗೊತ್ತಿರುತ್ತಾರೆ, ಅವರನ್ನೂ ಕೇಳಿ. 1951ರಲ್ಲಿ ಮುಂಬೈಯಲ್ಲಿ ಶುರುವಾದ ಇಂಡಿಯನ್ ಕ್ಯಾನ್ಸರ್ ಸೊಸೈಟಿ, ಚಿಕ್ಕಂದಿನಲ್ಲಿ ಕ್ಯಾನ್ಸರ್ ಗೆದ್ದು ಬೆಳೆದವರಿಗೆ 2009ರಲ್ಲಿ ‘ಉಗಮ್’ ಎಂಬ ಗುಂಪು ಕಟ್ಟಿದೆ. ರಾತ್ರಿ ಮೂರು ಗಂಟೆಯ ಭಯಕ್ಕೆ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಆಸ್ಟ್ರೇಲಿಯಾದಲ್ಲಿ 1985ರಲ್ಲಿ ಕ್ಯಾನ್ಸರ್ ಇದ್ದ ಹುಡುಗ ಹುಡುಗಿಯರೇ ಸೇರಿ ‘ಕ್ಯಾಂಟೀನ್’ ಎಂಬ ಸಂಸ್ಥೆ ಕಟ್ಟಿದರು. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ 1990ರಲ್ಲಿ ಹದಿಹರೆಯದವರಿಗೆಂದೇ ಒಂದು ವಾರ್ಡ್ ತೆರೆಯಿತು. ಬಲೂನು ಕಟ್ಟಿದ ಮಕ್ಕಳ ವಾರ್ಡೂ ಬೇಡ, ಅಜ್ಜಂದಿರ ವಾರ್ಡೂ ಬೇಡ ಎಂಬ ನಿಮ್ಮ ದೂರೇ ಅಲ್ಲಿ ವಾರ್ಡ್ ಆಯಿತು. ನಮ್ಮಲ್ಲಿ ಹೊಸ ಕಟ್ಟಡ ಕಟ್ಟುವ ತನಕ ಕಾಯಬೇಕಾಗಿಲ್ಲ. ಕ್ಯಾನ್ಸರ್ ಚಿಕಿತ್ಸೆ ಕೊಡುವ ರಾಜ್ಯದ ಪ್ರತಿ ದೊಡ್ಡ ಆಸ್ಪತ್ರೆಯೂ ವಾರದಲ್ಲಿ ಒಂದು ಮಧ್ಯಾಹ್ನ, ಒಂದು ಕೋಣೆ, ಒಬ್ಬ ಕೌನ್ಸೆಲರ್ ಕೊಡಲಿ. ಇಪ್ಪತ್ತು, ಮೂವತ್ತರ ಪ್ರಾಯದವರು ಬಂದು ಕೂರಲಿ. ಇದನ್ನು ಓದುವ ಡಾಕ್ಟರುಗಳಲ್ಲಿ ನನ್ನದು ಕಳಕಳಿಯ ವಿನಂತಿ.

ಗುಂಪು ಎಂದರೆ ಎಲ್ಲವೂ ಒಳ್ಳೆಯದಲ್ಲ. ಕೀಮೋ ಬಿಟ್ಟು ಲಕ್ಷ್ಮಣಫಲ ತಿನ್ನಿ ಎನ್ನುವವರು, ಯಾವುದೋ ಪುಡಿ ಮಾರುವವರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇರುತ್ತಾರೆ. ಅಂಥ ಕಡೆ ಒಂದು ಕ್ಷಣವೂ ಇರಬೇಡಿ.

ಇನ್ನೊಂದು ಕಷ್ಟದ ಮಾತು. ಗುಂಪಿನಲ್ಲಿ ಸ್ನೇಹವಾದವರಲ್ಲಿ ಯಾರೋ ಒಬ್ಬರು ತೀರಿಕೊಳ್ಳಬಹುದು. ರಾಯಚೂರಿನ ಆ ಹುಡುಗ ಉಳಿಯಲಿಲ್ಲ. ನನ್ನ ಅಕ್ಕನ ಮಗ ಒಂದು ವಾರ ಯಾರ ಜೊತೆಯೂ ಮಾತಾಡಲಿಲ್ಲ. ‘ನಾನು ಯಾಕೆ ಉಳಿದೆ’ ಎಂದು ಕೇಳುತ್ತಿದ್ದ. ‘ಅವನ ಜೊತೆ ಸ್ನೇಹ ಆಗಲೇಬಾರದಿತ್ತು ಅನ್ನಿಸುತ್ತಾ’ ಎಂದು ನಾನೊಮ್ಮೆ ಕೇಳಿದೆ. ‘ಇಲ್ಲ ಚಿಕ್ಕಮ್ಮಾ, ಅವನಿಲ್ಲದೆ ಆ ವಾರ್ಡಿನಲ್ಲಿ ನಾನು ಇರ್ತಾನೇ ಇರಲಿಲ್ಲ’ ಅಂದ. ಈಗಲೂ ಆ ಹುಡುಗನ ಅಮ್ಮನಿಗೆ ಹಬ್ಬಕ್ಕೆ ಫೋನ್ ಮಾಡುತ್ತಾನೆ.

ಕೀಮೋ ಮುಗಿದ ದಿನ ಮನೆಯಲ್ಲಿ ಪಾಯಸ ಮಾಡುತ್ತಾರೆ. ಎಲ್ಲರೂ ‘ಮುಗೀತಲ್ಲ, ಇನ್ನೇನು’ ಅನ್ನುತ್ತಾರೆ. ನಿಮಗೆ ಮಾತ್ರ ಆಗಲೇ ಜಾಸ್ತಿ ಭಯ ಆಗಬಹುದು. ಪ್ರತಿ ಸ್ಕ್ಯಾನ್ ಹತ್ತಿರ ಬಂದಾಗ ನಿದ್ದೆ ಹೋಗಬಹುದು. ಒಂದು ಸಣ್ಣ ಕೆಮ್ಮಿಗೆ ಕೈ ತಾನಾಗಿ ಕುತ್ತಿಗೆಗೆ ಹೋಗಬಹುದು. ಬಹಳ ಜನರಿಗೆ ಹೀಗಾಗುತ್ತದೆ. ಹಾಗಾಗಿ ಜೊತೆಯವರನ್ನು ಈಗಲೇ ಹುಡುಕಿಕೊಳ್ಳಿ, ಆಗ ಅವರು ಬೇಕಾಗುತ್ತಾರೆ.

ನಮ್ಮ ಕೈಲಾದದ್ದನ್ನು ನಾವೂ ಮಾಡುತ್ತೇವೆ. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವ ಅಥವಾ ಮುಗಿಸಿರುವ, ನಲವತ್ತರೊಳಗಿನ ಓದುಗರು ನಿಮಗೆ ಬರೆಯಲು ಇಷ್ಟಪಟ್ಟರೆ ಪತ್ರಿಕೆಯ ವಿಳಾಸಕ್ಕೆ ಬರೆಯಲಿ. ಲಕೋಟೆಯ ಮೇಲೆ ‘ಹಾವೇರಿಯ ತಂಗಿಗೆ’ ಎಂದಿರಲಿ. ಪತ್ರಗಳನ್ನು ಮೊದಲು ನಾನು ಓದುತ್ತೇನೆ, ಔಷಧಿ ಮಾರುವವರದ್ದು ಬಂದರೆ ಇಲ್ಲೇ ನಿಲ್ಲಿಸುತ್ತೇನೆ. ಉಳಿದವನ್ನು ನಿಮ್ಮ ಅಕ್ಕನ ಮನೆಗೆ ಕಳಿಸಬಹುದಾ, ಬೇರೆ ವಿಳಾಸ ಇದೆಯಾ, ಒಂದು ಸಾಲು ಬರೆದು ತಿಳಿಸಿ.

ಪ್ರೀತಿಯಿಂದ,
ಸಂಪಾದಕಿ